ಮನೆಮಂದಿಗೆ ದುರ್ಗದ ಕಾದಂಬರಿಗಳು

ಒಂದು ಕಾದಂಬರಿ ಮನೆಮಂದಿಯೆಲ್ಲ ಓದಬಹುದಾದದ್ದೇ ಎಂಬುದನ್ನು ಮೂರು ಅಂಶಗಳಿಂದ ಅಳೆಯಬಹುದು. ಅದರಲ್ಲಿರುವ ಹಿಂಸೆ, ಕಾಮ ಕಥೆಗೆ ಅಗತ್ಯವೇ? ಭಾಷೆ ಯಾವ ವಯಸ್ಸಿಗೆ ನಿಲುಕುತ್ತದೆ? ಓದಿ ಮುಗಿಸಿದ ಮೇಲೆ ಮನೆಯಲ್ಲಿ ಮಾತಿಗೆ ಏನಾದರೂ ಉಳಿಯುತ್ತದೆಯೇ? ದುರ್ಗದ, ಅಂದರೆ ಚಿತ್ರದುರ್ಗದ, ಕಾದಂಬರಿಕಾರ ತ.ರಾ.ಸು. (1920–1984) ಅವರ ಕೃತಿಗಳನ್ನು ಹೀಗೆ ನೋಡಿದರೆ, ಒಬ್ಬನೇ ಲೇಖಕನ ಪುಸ್ತಕಗಳೂ ಬೇರೆ ಬೇರೆ ವಯಸ್ಸಿನವರಿಗೆ ಸಲ್ಲುವುದು ಗೊತ್ತಾಗುತ್ತದೆ.

ಮೊದಲು ಕೈಗೆತ್ತಿಕೊಳ್ಳಲು ‘ಹಂಸಗೀತೆ’ ಸೂಕ್ತ. ಗಾತ್ರ ಚಿಕ್ಕದು. ಕಥಾನಾಯಕ ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯ. ಟಿಪ್ಪು ಸುಲ್ತಾನನ ಮುಂದೆ ಹಾಡಲೊಲ್ಲದೆ ಆತ ತನ್ನ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಎಳೆಯ ಮಕ್ಕಳಿಗೆ ಈ ಪ್ರಸಂಗ ಭೀಕರ ಎನಿಸಬಹುದು. ಆದರೆ ಕಲೆ ಯಾರಿಗಾಗಿ ಎಂಬ ಪ್ರಶ್ನೆ ನಿಂತಿರುವುದೇ ಅದರ ಮೇಲೆ. ಹಳ್ಳಿಯ ತುಂಬು ಕುಟುಂಬವೊಂದು ಒಡೆಯುವ ಕಥೆಯಾದ ‘ಚಂದವಳ್ಳಿಯ ತೋಟ’ವನ್ನು ಅಜ್ಜಿಯಿಂದ ಮೊಮ್ಮಗಳವರೆಗೆ ಯಾರು ಬೇಕಾದರೂ ಓದಬಹುದು.

ಐತಿಹಾಸಿಕ ಕಾದಂಬರಿಗಳಿಗೆ ಪ್ರೌಢಶಾಲೆಯ ವಯಸ್ಸಾದರೂ ಬೇಕು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಲ್ಲಿ ಅರಮನೆಯ ಪಿತೂರಿ, ಕೊಲೆ, ಸೇಡು ದಟ್ಟವಾಗಿವೆ. 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ದುರ್ಗಾಸ್ತಮಾನ’ ದಪ್ಪ ಪುಸ್ತಕ. ಹೈದರಾಲಿಯ ಕೈಗೆ 1779ರಲ್ಲಿ ಚಿತ್ರದುರ್ಗದ ಕೋಟೆ ಬಿದ್ದ ಕಥೆ. ಚಿತ್ರದುರ್ಗ ಸೀಮೆಯ ಓದುಗರಿಗೆ ಒಂದು ಅನುಕೂಲವಿದೆ. ಇಲ್ಲಿನ ಪಾಳೆಯಗಾರರ ಮೂಲಪುರುಷ ಮತ್ತಿ ತಿಮ್ಮಣ್ಣನಾಯಕ ದುರ್ಗಕ್ಕೂ ಮೊದಲು ಹೊಳಲ್ಕೆರೆ, ಹಿರಿಯೂರು ಸೀಮೆಗಳನ್ನು ಆಳಿದವನು. ಹೀಗಾಗಿ ಕಥೆಯ ನೆಲವನ್ನು ಮಕ್ಕಳಿಗೆ ಕರೆದೊಯ್ದೇ ತೋರಿಸಬಹುದು.

ಹೆಚ್ಚು ಚರ್ಚೆಗೆ ಎಡೆಮಾಡುವುದು ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಇವನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಚಿತ್ರ ಮಾಡಿದರು. ಸಿನಿಮಾವನ್ನು ಮನೆಮಂದಿಯೆಲ್ಲ ಕೂತು ನೋಡಿದ್ದಾರೆಂದ ಮಾತ್ರಕ್ಕೆ ಕಾದಂಬರಿಯೂ ಎಲ್ಲರಿಗೂ ಒಗ್ಗುತ್ತದೆ ಎನ್ನಲಾಗದು. ಚಿತ್ರ ತಾವು ಸೃಷ್ಟಿಸಿದ ನಾಯಕನ ಪಾತ್ರಕ್ಕೆ ನ್ಯಾಯ ಒದಗಿಸಲಿಲ್ಲವೆಂಬ ಬೇಸರ ಸ್ವತಃ ತ.ರಾ.ಸು. ಅವರಿಗಿತ್ತು. ಜಾತಿ ಮೀರಿದ ಪ್ರೇಮ, ಹಟಮಾರಿ ಹುಡುಗ ರಾಮಾಚಾರಿ, ಗುರು ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಮುರಿದ ಅವನ ಬದುಕು ಇಲ್ಲಿಯ ವಸ್ತು. ಹದಿಹರೆಯದವರು ರಾಮಾಚಾರಿಯ ಪಕ್ಷ ವಹಿಸಿದರೆ, ಹೆತ್ತವರಿಗೆ ಚಾಮಯ್ಯ ಮೇಷ್ಟ್ರ ಸಂಕಟ ಅರ್ಥವಾಗುತ್ತದೆ. ಇಬ್ಬರೂ ಓದಿ ವಾದಿಸಿದರೆ ಪುಸ್ತಕ ಸಾರ್ಥಕ. ‘ಮಸಣದ ಹೂವು’ ಮಾತ್ರ ವಯಸ್ಕರಿಗೆ ಮೀಸಲು: ವೇಶ್ಯಾವಾಟಿಕೆಗೆ ಬಿದ್ದ ಹೆಣ್ಣುಮಕ್ಕಳ ಬದುಕನ್ನು ಅದು ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ದುರ್ಗದ ಇತಿಹಾಸವನ್ನು ಮುಂದುವರಿಸಿ ಬರೆದವರಲ್ಲಿ ಬಿ.ಎಲ್. ವೇಣು ಪ್ರಮುಖರು. ಅವರ ಕಾದಂಬರಿ ಆಧರಿಸಿದ ‘ಕಲ್ಲರಳಿ ಹೂವಾಗಿ’ (2006) ಚಿತ್ರದಲ್ಲಿ ಧರ್ಮ ಮೀರಿದ ಪ್ರೀತಿಯ ಕಥೆಯಿದೆ.

ಮಕ್ಕಳ ಕೈಗೆ ಕೊಡುವ ಮುನ್ನ ಹಿರಿಯರೊಬ್ಬರು ಪುಸ್ತಕ ಓದಿರುವುದು ಒಳ್ಳೆಯದು. ಕಷ್ಟದ ಅಧ್ಯಾಯವನ್ನು ಜೊತೆಗೆ ಕೂತು ಓದಬಹುದು, ಇಲ್ಲವೇ ಒಂದೆರಡು ವರ್ಷ ಮುಂದಕ್ಕೆ ಹಾಕಬಹುದು. ಕೊಳ್ಳಲೇಬೇಕೆಂದಿಲ್ಲ, ಚಿತ್ರದುರ್ಗವಾಗಲಿ ಹೊಸದುರ್ಗವಾಗಲಿ, ಸಾರ್ವಜನಿಕ ಗ್ರಂಥಾಲಯದಲ್ಲಿ ಮೊದಲು ವಿಚಾರಿಸಬಹುದು. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಿಂದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವವೂ ಸಿಗುತ್ತಿದೆ.