ಬೊಂಬೆ ಹಾಡು ರಾಜಾಜಿನಗರದಲ್ಲಿ ನಿಜವಾಯ್ತು!

ತಳ ಭಾರದ ಬೊಂಬೆಯನ್ನು ಯಾರು ನೋಡಿಲ್ಲ? ಎತ್ತ ನೂಕಿದರೂ ವಾಲುತ್ತೆ, ಮತ್ತೆ ಎದ್ದು ನಿಲ್ಲುತ್ತೆ. ಈ ಬೊಂಬೆಯನ್ನು ಹಿಡಿದು ಕನ್ನಡ ಸಿನಿಮಾದಲ್ಲಿ ಎರಡು ಹಾಡು ಹುಟ್ಟಿದವು. ಒಂದು ಅಪ್ಪನದು, ಇನ್ನೊಂದು ಮಗನದು.

ಮೊದಲನೆಯದು 1971ರ ‘ಕಸ್ತೂರಿ ನಿವಾಸ’ದ್ದು. ಚಿ. ಉದಯಶಂಕರ್ ಸಾಹಿತ್ಯ, ಜಿ.ಕೆ. ವೆಂಕಟೇಶ್ ಸಂಗೀತ, ಪಿ.ಬಿ. ಶ್ರೀನಿವಾಸ್ ಕಂಠ. ಪರದೆ ಮೇಲೆ ರಾಜ್‌ಕುಮಾರ್. ಬೆಂಕಿಪೊಟ್ಟಣ ಕಾರ್ಖಾನೆಯ ಧಣಿ ಕೊಟ್ಟು ಕೊಟ್ಟು ಬರಿಗೈ ಆಗ್ತಾನೆ. ಕೊನೆಗೆ ಪ್ರಾಣವೂ ಹೋಗುತ್ತೆ, ಕೊಡೋ ಬುದ್ಧಿ ಮಾತ್ರ ಹೋಗೋದಿಲ್ಲ.

ಎರಡನೆಯದು 2017ರ ‘ರಾಜಕುಮಾರ’ದ್ದು. ಸಂತೋಷ್ ಆನಂದ್‌ರಾಮ್ ಬರೆದರು, ವಿಜಯ್ ಪ್ರಕಾಶ್ ಹಾಡಿದರು. ಪರದೆ ಮೇಲೆ ಪುನೀತ್. ಎರಡು ಚಿತ್ರಗಳ ನಡುವೆ 46 ವರ್ಷ. ಪುನೀತ್ ಬದುಕಿದ್ದೂ ಅಷ್ಟೇ, 46 ವರ್ಷ!

2021ರ ಅಕ್ಟೋಬರ್ 29ರಂದು ಅವರು ಹಠಾತ್ತನೆ ತೀರಿಕೊಂಡರು. 31ರಂದು ಕಂಠೀರವ ಸ್ಟುಡಿಯೋದಲ್ಲಿ ಅಪ್ಪ, ಅಮ್ಮನ ಸಮಾಧಿಗಳ ಬಳಿಯೇ ಮಣ್ಣಾದರು. ಆಮೇಲೆ ಆ ಹಾಡು ಬರೀ ಸಿನಿಮಾ ಹಾಡಾಗಿ ಉಳಿಯಲಿಲ್ಲ. ಆಟೋದಲ್ಲಿ, ಅಂಗಡಿಯಲ್ಲಿ, ಗಣೇಶನ ಪೆಂಡಾಲಿನಲ್ಲಿ ಅದನ್ನು ಕೇಳಿದವರ ಗಂಟಲು ಕಟ್ಟಿತು.

ಎರಡು ಕಣ್ಣು, ನಾಲ್ವರಿಗೆ ಬೆಳಕು

ಹಾಡಿನ ಉಳಿದ ಅರ್ಧ ನಡೆದದ್ದು ರಾಜಾಜಿನಗರದ ನಾರಾಯಣ ನೇತ್ರಾಲಯದಲ್ಲಿ. ಅಲ್ಲಿ 1994ರಲ್ಲಿ ಡಾ. ರಾಜ್‌ಕುಮಾರ್ ನೇತ್ರ ಬ್ಯಾಂಕ್ ಶುರುವಾದಾಗ, ಇಡೀ ಮನೆಯವರ ಕಣ್ಣು ಕೊಡ್ತೀವಿ ಅಂತ ಅಣ್ಣಾವ್ರು ಮಾತು ಕೊಟ್ಟಿದ್ದರು. 2006ರಲ್ಲಿ ಅವರದು, 2017ರಲ್ಲಿ ಪಾರ್ವತಮ್ಮನವರದು, 2021ರಲ್ಲಿ ಅಪ್ಪುವಿನದು... ಕೊಟ್ಟ ಮಾತು ತಪ್ಪಲಿಲ್ಲ.

ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಗೆ ಕಾರ್ನಿಯಾ ಅಂತಾರೆ. ವೈದ್ಯರು ಪುನೀತ್ ಅವರ ಒಂದೊಂದು ಕಾರ್ನಿಯಾವನ್ನೂ ಮುಂಪದರ, ಹಿಂಪದರ ಅಂತ ಬೇರ್ಪಡಿಸಿ ನಾಲ್ವರಿಗೆ ಜೋಡಿಸಿದರು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸೋರ ಸಾಲು ಬೆಳೆಯಿತು.

ಹೆಸರು ಬರೆಸಿದರೆ ಸಾಕೇ?

ಸಾಲದು! ಜೇಬಿನಲ್ಲಿ ಕಾರ್ಡ್ ಇದ್ದರೂ, ಸಾವಿನ ಮನೆಯಲ್ಲಿ ಫೋನ್ ಮಾಡಬೇಕಾದವರು ಮನೆಯವರು. ಅವರ ಒಪ್ಪಿಗೆ ಇಲ್ಲದೆ ಕೆಲಸ ಆಗೋದಿಲ್ಲ. ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಳುವಿನ ನಡುವೆ ಯಾರಿಗೂ ನೆನಪಾಗದೆ ಎಷ್ಟೋ ಜೋಡಿ ಕಣ್ಣು ಮಣ್ಣಿಗೆ, ಬೆಂಕಿಗೆ ಹೋಗುತ್ತವೆ.

ಮಾಡಬೇಕಾದ್ದು ಇಷ್ಟೇ: ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ಫ್ಯಾನ್ ಆರಿಸಿ. ತಲೆ ಕೆಳಗೆ ದಿಂಬು ಕೊಡಿ. ಹತ್ತಿರದ ನೇತ್ರ ಬ್ಯಾಂಕಿಗೆ ತಿಳಿಸಿ. ಕನ್ನಡಕ ಹಾಕಿದವರು, ಸಕ್ಕರೆ ಕಾಯಿಲೆಯವರು, ಮುದುಕರೂ ಕೊಡಬಹುದು. ಮುಖವೇನೂ ವಿಕಾರವಾಗೋದಿಲ್ಲ.

ಹೇಗೆ ಬದುಕಬೇಕು ಅಂತ ಹಾಡು ಹೇಳಿತು. ಹೋಗುವಾಗ ಏನು ಬಿಟ್ಟು ಹೋಗಬೇಕು ಅನ್ನೋದನ್ನ ಆ ಮನೆಯವರು ಮಾಡಿ ತೋರಿಸಿದರು. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯವರ ಕಿವಿಗೆ ಒಂದು ಮಾತು ಹಾಕಿಡಿ. ಖರ್ಚಿಲ್ಲದ ಆಸ್ತಿ ಪತ್ರ ಅದು.