ಭಾವಚಿತ್ರ ಮಾಡಿಸುವಲ್ಲಿ ಮಿತವ್ಯಯ

ಮದುವೆ, ಗೃಹಪ್ರವೇಶಗಳಿಗೆ ಭಾವಚಿತ್ರವನ್ನೇ ಉಡುಗೊರೆಯಾಗಿ ಕೊಡುವ ಪದ್ಧತಿ ಈಗ ಹಳ್ಳಿಗಳಿಗೂ ಬಂದಿದೆ. ಕಟ್ಟು ಹಾಕಿಸಿದ ಚಿತ್ರ, ಹೆಸರು ಅಚ್ಚಾದ ಕಪ್ಪು, ದಿಂಬು ಇವೆಲ್ಲವೂ ಪೇಟೆಯಲ್ಲಿ ದೊರೆಯುತ್ತವೆ. ಹತ್ತು ಗೋಡೆಗಡಿಯಾರಗಳು ಬಂದು ಬೀಳುವ ಮದುವೆಮನೆಗೆ ಇಂತಹ ಉಡುಗೊರೆ ಮೇಲೇ ಸರಿ. ಆದರೆ ಇದಕ್ಕೆ ತೆರುವ ಹಣದಲ್ಲಿ ಒಂದು ಪಾಲು ಸುಮ್ಮನೆ ಪೋಲಾಗುತ್ತದೆ.

ಚಿತ್ರ ಮಸುಕಾಯಿತೆಂದು ಸ್ಟುಡಿಯೋದವರನ್ನು ದೂರುವವರುಂಟು. ಅನೇಕ ವೇಳೆ ಚಿತ್ರ ಕೆಡುವುದು ಕಳುಹಿಸುವಾಗಲೇ. ಅಚ್ಚು ಸ್ಪಷ್ಟವಾಗಿರಬೇಕಾದರೆ ಒಂದು ಇಂಚಿಗೆ ಸುಮಾರು 300 ಚುಕ್ಕೆಗಳಿರಬೇಕು. 12 ಮೆಗಾಪಿಕ್ಸೆಲ್ ಮೊಬೈಲಿನ ಚಿತ್ರದಲ್ಲಿ ಉದ್ದಕ್ಕೆ ಸುಮಾರು 4000 ಚುಕ್ಕೆಗಳಿರುತ್ತವೆ. ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದರೆ ಅದು 1600ರ ಸುಮಾರಿಗೆ ಇಳಿಯುತ್ತದೆ. 6 ಇಂಚಿನ ಚಿತ್ರಕ್ಕೆ ಇಷ್ಟು ಸಾಕು. 18 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 90 ಚುಕ್ಕೆಯೂ ಬೀಳುವುದಿಲ್ಲ. ಆದ್ದರಿಂದ ಚಿತ್ರವನ್ನು ‘ಡಾಕ್ಯುಮೆಂಟ್’ ಆಗಿ ಕಳುಹಿಸಿರಿ, ಇಲ್ಲವೆ ಮೊಬೈಲನ್ನೇ ಒಯ್ದು ಎದುರಿನಲ್ಲೇ ನಕಲು ಮಾಡಿಸಿರಿ. ಇದಕ್ಕೆ ಕಾಸಿನ ಖರ್ಚಿಲ್ಲ.

ದೊಡ್ಡ ಚಿತ್ರವೇ ದೊಡ್ಡಸ್ತಿಕೆ ಎಂದು ತಿಳಿಯಬೇಕಾಗಿಲ್ಲ. 12×18 ಇಂಚಿನ ಒಂದು ಚಿತ್ರದ ಕಾಗದದಲ್ಲಿ 4×6ರ ಒಂಬತ್ತು ಚಿತ್ರಗಳಾಗುತ್ತವೆ. ಕಟ್ಟು, ಗಾಜುಗಳ ಬೆಲೆಯೂ ಅಳತೆಯೊಡನೆ ಏರುತ್ತದೆ. ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ಮಕ್ಕಳ ಪಾಸ್‌ಪೋರ್ಟ್ ಚಿತ್ರಕ್ಕೂ ಇದೇ ಲೆಕ್ಕ: 3.5×4.5 ಸೆಂಟಿಮೀಟರಿನ ಎಂಟು ಚಿತ್ರಗಳು ಒಂದು 4×6 ಹಾಳೆಯಲ್ಲಿ ಹಿಡಿಯುತ್ತವೆ.

ಇವೆಲ್ಲಕ್ಕಿಂತ ಮನಸ್ಸಿಗೆ ನೋವು ತರುವ ಖರ್ಚು ಇನ್ನೊಂದುಂಟು. ಮನೆಯ ಹಿರಿಯರು ತೀರಿಕೊಂಡಾಗ ಅವರ ಚಿತ್ರಕ್ಕಾಗಿ ಹುಡುಕಾಟ ನಡೆಯುತ್ತದೆ. ಸಿಕ್ಕುವುದು ಮತದಾರರ ಚೀಟಿಯಲ್ಲಿರುವ ಹೆಬ್ಬೆರಳಿನಷ್ಟು ಮುಖ. ತಿಥಿಯೊಳಗೆ ಆಗಬೇಕೆಂಬ ಅವಸರದಲ್ಲಿ ಕೇಳಿದಷ್ಟು ಹಣ ಕೊಟ್ಟು ಅದನ್ನೇ ಹಿಗ್ಗಿಸಿ, ತಿದ್ದಿಸಿ ತರುತ್ತಾರೆ. ಗೋಡೆಗೆ ಹಾಕಿದ ಮೇಲೆ ಮೊಮ್ಮಕ್ಕಳು ಇದು ಅಜ್ಜಿಯಲ್ಲ ಎನ್ನುತ್ತಾರೆ! ಆಕೆ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕುಳಿತಿರುವಾಗ, ಬೆಳಗಿನ ಹೊತ್ತು, ನೆರಳಿನಲ್ಲಿ, ಬೆಳಕು ಮುಖದ ಮೇಲೆ ಬೀಳುವಂತೆ ಒಂದು ಚಿತ್ರ ತೆಗೆದು ಈಗಲೇ ಅಚ್ಚು ಹಾಕಿಸಿರಿ. ಮೊಬೈಲು ಕೆಟ್ಟರೂ ಕಾಗದದ ಚಿತ್ರ ಉಳಿಯುತ್ತದೆ.

ಹಳೆಯ ಚಿತ್ರ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿರಿ. ಮುಖವೇ ಗಾಜಿನೊಡನೆ ಬಂದುಬಿಡುತ್ತದೆ. ಗಾಜನ್ನು ಮೆಲ್ಲಗೆ ಒರೆಸಿ, ಬೆಳಕು ಪ್ರತಿಫಲಿಸದ ಕಡೆ ಇಟ್ಟು, ಹಾಗೆಯೇ ಇನ್ನೊಂದು ಚಿತ್ರ ತೆಗೆಯಬೇಕು. ಹೊಸದಕ್ಕೆ ಕಟ್ಟು ಹಾಕಿಸುವಾಗ ಗಾಜಿಗೂ ಚಿತ್ರಕ್ಕೂ ನಡುವೆ ರಟ್ಟಿನ ಅಂಚು ಇಡಿಸಿರಿ. ಮಳೆಗಾಲದಲ್ಲಿ ತೇವ ಹೀರುವ ಗೋಡೆಗೂ ಬಿಸಿಲು ಬೀಳುವ ಗೋಡೆಗೂ ತೂಗುಹಾಕಬಾರದು.

ಹೆಸರು ಹಾಕಿಸುವ ವಸ್ತುಗಳಲ್ಲಿ ಅಕ್ಷರ ಜೋಡಿಸುವ ಕೆಲಸ ಒಂದಕ್ಕಾದರೂ ಇಪ್ಪತ್ತಕ್ಕಾದರೂ ಒಂದೇ. ಯುವಕ ಮಂಡಲ, ಸ್ತ್ರೀಶಕ್ತಿ ಸಂಘದವರು ಬಹುಮಾನಗಳನ್ನು ಒಟ್ಟಿಗೆ ಮಾಡಿಸಿದರೆ ಚೌಕಾಸಿಗೆ ಅವಕಾಶವಿದೆ. ಹೆಸರು, ಇನಿಷಿಯಲ್, ತಾರೀಖುಗಳನ್ನು ಕಾಗದದಲ್ಲಿ ಕನ್ನಡದಲ್ಲೇ ಬರೆದುಕೊಟ್ಟು, ಅಚ್ಚಿಗೆ ಮುಂಚೆ ಮಾದರಿಯನ್ನು ಮನೆಯ ಇಬ್ಬರು ಓದಿ ನೋಡಬೇಕು. ಬೇರೆಯವರ ಹೆಸರು ಬಿದ್ದ ಕಪ್ಪನ್ನು ಅಂಗಡಿಯವರು ಮತ್ತಾರಿಗೂ ಮಾರಲಾರರು, ಹಿಂದಕ್ಕೂ ತೆಗೆದುಕೊಳ್ಳುವುದಿಲ್ಲ.