ಅಮ್ಮನ ಮಂಡಿಯೊಳಗೆ ಬಿದಿಗೆ ಚಂದ್ರ

ಅಮ್ಮನ ಮಂಡಿನೋವಿಗೆ ತೆಗೆಸಿದ ಸ್ಕ್ಯಾನ್ ರಿಪೋರ್ಟ್ ಕೈಗೆ ಬಂತು. ಆಸ್ಟಿಯೋಆರ್ಥ್ರೈಟಿಸ್, ಪಟೆಲ್ಲಾ, ಮೆನಿಸ್ಕಸ್, ಟಿಬಿಯಾ, ಫಿಬುಲಾ. "ಏನು ಬರ್ದಿದಾರೋ?" ಎಂದರು ಅಮ್ಮ. ಹೇಳಲು ನನಗೆ ಬಾಯಿ ಬರಲಿಲ್ಲ. ಆ ರಾತ್ರಿ ಒಂದೊಂದೇ ಪದದ ಬೆನ್ನು ಹತ್ತಿದೆ. ಹತ್ತಿದವನಿಗೆ ಬೆಳಗಿನ ಜಾವದವರೆಗೂ ನಿದ್ದೆಯೇ ಇಲ್ಲ!

ಮೆನಿಸ್ಕಸ್ ಎಂದರೆ ಗ್ರೀಕಿನಲ್ಲಿ ಪುಟ್ಟ ಚಂದ್ರ. ತೊಡೆಯ ಮೂಳೆಗೂ ಕೆಳಗಿನ ಮೂಳೆಗೂ ನಡುವೆ, ಮೈಭಾರ ಹೊರಲೆಂದು ಕೂತಿರುವ ಮೃದ್ವಸ್ಥಿಯ ಎರಡು ತುಣುಕುಗಳಿವೆಯಲ್ಲ, ಅವು ಬಾಗಿರುವುದು ಥೇಟ್ ಬಿದಿಗೆ ಚಂದ್ರನ ಹಾಗೆ. ಒಂದೊಂದು ಮಂಡಿಯಲ್ಲಿ ಎರಡೆರಡು. ಎಂದರೆ ಇಷ್ಟು ವರ್ಷ ಅಮ್ಮ ನೀರಿನ ಕೊಡ ಹೊತ್ತು ಮೆಟ್ಟಿಲು ಹತ್ತಿದ್ದು ನಾಲ್ಕು ಚಂದ್ರರ ಮೇಲೆ!

ಚಂದ್ರನ ಮುಂದೆ ಪಟೆಲ್ಲಾ: ಲ್ಯಾಟಿನ್ ಆಡುತ್ತಿದ್ದವರ ಪುಟ್ಟ ತಟ್ಟೆ. ನಾವು ಅದನ್ನೇ ಚಿಪ್ಪು ಎನ್ನುತ್ತೇವೆ. ಅದರ ಕೆಳಗೆ ಟಿಬಿಯಾ. ರೋಮನರಿಗೆ ಈ ಒಂದೇ ಪದ ಮೊಣಕಾಲ ಕೆಳಗಿನ ಮೂಳೆಯೂ ಹೌದು, ಊದುವ ಕೊಳಲೂ ಹೌದು! ಪಕ್ಕದಲ್ಲೇ ಸಣ್ಣಗೆ ನಿಂತಿರುವ ಫಿಬುಲಾ, ಹೊದ್ದ ಬಟ್ಟೆ ಜಾರದಂತೆ ಅವರು ಚುಚ್ಚಿಕೊಳ್ಳುತ್ತಿದ್ದ ಪಿನ್ನು. ಇವುಗಳ ಹಿಂದೆ ತುಂಬಿಕೊಂಡಿರುವ ಮಸಲ್? ಮಸ್ಕ್ಯುಲಸ್, ಅಂದರೆ ಇಲಿಮರಿ. ಚರ್ಮದಡಿ ಸ್ನಾಯು ಸರಕ್ಕನೆ ಉಬ್ಬಿ ಇಳಿಯುವುದನ್ನು ನೋಡಿದವರಿಗೆ ಓಡುವ ಇಲಿ ಕಂಡಿತ್ತು. ಅದೇ ಜಾಗದಲ್ಲಿ ನಮ್ಮವರಿಗೆ ಕಂಡದ್ದು ಮೀನು. ಮೀನಖಂಡ ಎಂದು ದಿನಾ ಅನ್ನುತ್ತೇವೆ, ಒಳಗಿರುವ ಮೀನನ್ನು ಎಂದಾದರೂ ನೋಡಿದ್ದೇವೆಯೇ?

ಆಸ್ಟಿಯೋಆರ್ಥ್ರೈಟಿಸ್ ಬಿಡಿಸಿದರೆ ಮೂರೇ ಗಂಟು. ಆಸ್ಟಿಯಾನ್ ಮೂಳೆ, ಆರ್ಥ್ರಾನ್ ಕೀಲು, ಐಟಿಸ್ ಉರಿಯೂತ. ಈ ಐಟಿಸ್‌ಗೆ ಗ್ರೀಕಿನಲ್ಲಿ ಮೊದಲಿದ್ದ ಅರ್ಥ 'ಅದಕ್ಕೆ ಸೇರಿದ' ಎಂದಷ್ಟೇ. ಕೀಲಿಗೆ ಸೇರಿದ ರೋಗ ಎಂದು ಹೇಳುತ್ತಾ ಹೇಳುತ್ತಾ ರೋಗ ಎಂಬ ಪದ ಉದುರಿಹೋಯಿತು, ಬಾಲವೇ ರೋಗವಾಗಿ ಉಳಿಯಿತು. ಇದೊಂದು ತಿಳಿದರೆ ಗ್ಯಾಸ್ಟ್ರೈಟಿಸ್, ಹೆಪಟೈಟಿಸ್, ಟಾನ್ಸಿಲೈಟಿಸ್ ಎಲ್ಲವೂ ಬಾಗಿಲು ತೆರೆಯುತ್ತವೆ.

ಇಲ್ಲಿಗೆ ನಿಲ್ಲಿಸಿ ಮಲಗಬೇಕೆಂದಿದ್ದೆ. ಆದರೆ ಆಸ್ಟಿಯಾನ್ ಎಂದು ಬಾಯಿಬಿಟ್ಟು ಹೇಳಿಕೊಂಡಾಗ ಕಿವಿಗೆ ಬಿದ್ದದ್ದು ಅಸ್ಥಿ! ಎದ್ದು ಕೂತೆ. ಮಂಡಿಗೆ ಲ್ಯಾಟಿನ್ನಿನಲ್ಲಿ ಗೆನು, ಗ್ರೀಕಿನಲ್ಲಿ ಗೋನು, ಸಂಸ್ಕೃತದಲ್ಲಿ ಜಾನು. ಹರಿಕಥೆಯಲ್ಲಿ ರಾಮನನ್ನು ಹೊಗಳುವ ಆಜಾನುಬಾಹುವಿನ ಜಾನು! ಡೆಂಟಲ್ ಕ್ಲಿನಿಕ್ ಬೋರ್ಡಿನ ಡೆಂಟಲ್, ನಮ್ಮ ದಂತ. ಹೆಪಟೈಟಿಸ್‌ನ ಹೆಪಾರ್ ಕೂಡ ಯಕೃತ್ತಿನ ಒಡಹುಟ್ಟು, ಮುಖ ಮಾತ್ರ ಗುರುತು ಸಿಗದಷ್ಟು ಬದಲಾಗಿದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದನ್ನು ಶಾಲೆಯಲ್ಲಿ ಓದಿದ್ದೆ. ಅದಕ್ಕೆ ಸಾಕ್ಷಿ ಅಮ್ಮನ ಫೈಲಿನಲ್ಲೇ ಇದ್ದೀತೆಂದು ಯಾರಿಗೆ ಗೊತ್ತಿತ್ತು!

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ ಪದ ಮಾತ್ರ ಆ ರಿಪೋರ್ಟಿನಲ್ಲಿರಲಿಲ್ಲ. ಕಣ್ಣಿನ ನಡುವಿನ ಕಪ್ಪು ಬೊಟ್ಟಿಗೆ ಇಂಗ್ಲಿಷಿನಲ್ಲಿ ಪ್ಯೂಪಿಲ್. ಅದು ಲ್ಯಾಟಿನ್ನಿನ ಪುಪಿಲ್ಲಾ, ಪುಟ್ಟ ಗೊಂಬೆ. ಗ್ರೀಕರು ಅದನ್ನು ಕೋರೆ ಎಂದರು, ಹುಡುಗಿ. ಸಂಸ್ಕೃತದ ಕನೀನಿಕೆಯೊಳಗೂ ಹುಡುಗಿಯೇ ಇದ್ದಾಳೆ. ಕನ್ನಡದಲ್ಲಿ? ಪಾಪೆ! ಗೊಂಬೆಗೂ ಪಾಪೆ, ಕಣ್ಣಿನದ್ದೂ ಪಾಪೆ. ಕನ್ನಡ ಆ ಮೂರು ಭಾಷೆಗಳ ವಂಶದ್ದಲ್ಲ. ಬೇರೆ ಮನೆತನ, ಬೇರೆ ಬೇರು. ಆದರೂ ಅದೇ ಗೊಂಬೆ, ಅದೇ ಮಗು! ಎಲ್ಲಿಯವರಾದರೂ ತಮಗೆ ಬೇಕಾದವರ ಕಣ್ಣನ್ನು ಹತ್ತಿರದಿಂದ ನೋಡಿದ್ದಾರೆ, ಅಲ್ಲಿ ಪುಟ್ಟದೊಂದು ಆಕೃತಿ ಅವರಿಗೆ ಕಂಡಿದೆ.

ಬೆಳಿಗ್ಗೆ ಅಮ್ಮನಿಗೆ ಕಣ್ಣಿನ ಡ್ರಾಪ್ಸ್ ಹಾಕುವ ಹೊತ್ತು. ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ, ರೆಪ್ಪೆ ಬಿಡಿಸಿ ಹಿಡಿದು ಬಾಗಿದೆ. ಆ ಕರಿಯ ಬೊಟ್ಟಿನಲ್ಲಿ ಕಿಟಕಿಯ ಸರಳು, ಸರಳಿನ ಮುಂದೆ ಅಕ್ಕಿಕಾಳಿನಷ್ಟು ನಾನು, ನನ್ನ ಕೈಯಲ್ಲಿ ಎಳ್ಳಿನಷ್ಟು ಬಾಟಲಿ.

"ಏನೋ ಹಾಗೆ ನೋಡ್ತಿದೀಯ? ಪೊರೆ ಬೆಳೆದಿದ್ಯಾ?"

"ಇಲ್ಲ ಕಣಮ್ಮ. ನಿನ್ನ ಪಾಪೇಲಿ ನಾನಿದೀನಿ."

ಅಮ್ಮ ನನ್ನ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿದರು. "ಅಲ್ಲಾಡಬೇಡ, ಇರು. ನಿಂದ್ರಲ್ಲಿ ನಾನಿದೀನಾ ನೋಡ್ತೀನಿ."